ನಾಲಿಗೆ ಆರಿಸಿದ ಟೊಮೇಟೊ

1990ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಕ್ರೇಗ್ ಲೆಹೂಲಿಯರ್ ಅವರಿಗೆ ಅಂಚೆಯಲ್ಲಿ ಒಂದಿಷ್ಟು ಟೊಮೇಟೊ ಬೀಜ ಬಂತು. ಕಳಿಸಿದ್ದು ಟೆನೆಸಿ ರಾಜ್ಯದ ಒಬ್ಬ ಕೈತೋಟಗಾರ. ಇದು ನೇರಳೆ ಬಣ್ಣದ ಟೊಮೇಟೊ, ಸುಮಾರು ನೂರು ವರ್ಷಗಳ ಹಿಂದೆ ಚೆರೋಕಿ ಬುಡಕಟ್ಟಿನವರಿಂದ ಬಂದದ್ದು ಎಂದು ಜೊತೆಯ ಪತ್ರದಲ್ಲಿತ್ತು. ಲೆಹೂಲಿಯರ್ ಬಿತ್ತಿ ಬೆಳೆದರು, ಹಣ್ಣು ತಿಂದು ಬೆರಗಾದರು, ‘ಚೆರೋಕಿ ಪರ್ಪಲ್’ ಎಂದು ಹೆಸರಿಟ್ಟು ಬೀಜ ಹಂಚಿದರು. ಇಂದು ಅಮೆರಿಕದ ಕೈತೋಟಗಳಲ್ಲಿ ಬಹಳ ಮೆಚ್ಚುಗೆ ಪಡೆದ ಪಾರಂಪರಿಕ ತಳಿಗಳಲ್ಲಿ ಅದೂ ಒಂದು. ಲೆಹೂಲಿಯರ್ ಕೈಸೇರುವವರೆಗೆ ಅದನ್ನು ಉಳಿಸಿದ್ದು ಬೀಜದ ಕಂಪನಿಯಲ್ಲ, ರುಚಿಗಾಗಿ ವರ್ಷವರ್ಷವೂ ಬೀಜ ತೆಗೆದಿಟ್ಟ ಮನೆಮಂದಿ.

ಈ ಹಣ್ಣಿನ ಬಣ್ಣವೇ ಒಂದು ಒಳ್ಳೆಯ ಪಾಠ. ನೇರಳೆ ಎನ್ನುತ್ತೇವಾದರೂ ಇದರ ತಿರುಳಿನಲ್ಲಿ ಬದನೆಕಾಯಿಯ ಸಿಪ್ಪೆಯಲ್ಲಿರುವಂಥ ನೇರಳೆ ವರ್ಣದ್ರವ್ಯವಿಲ್ಲ. ಸಾಮಾನ್ಯ ಟೊಮೇಟೊ ಮಾಗುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಕೆಂಪು ಲೈಕೋಪೀನ್ ತುಂಬಿಕೊಳ್ಳುತ್ತದೆ, ಹಸಿರು ಪತ್ರಹರಿತ್ತು ಕರಗಿಹೋಗುತ್ತದೆ. ಪತ್ರಹರಿತ್ತಿನ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕೂತಿರುತ್ತದೆ. ಅದನ್ನು ಕಿತ್ತು ತೆಗೆಯುವ ಪ್ರೋಟೀನು ಕೆಲಸ ಮಾಡಿದರೆ ಮಾತ್ರ ಹಸಿರು ಅಳಿಯುತ್ತದೆ. ಚೆರೋಕಿ ಪರ್ಪಲ್‌ನಂಥ ಗಾಢವರ್ಣದ ತಳಿಗಳಲ್ಲಿ ಆ ಪ್ರೋಟೀನಿನ ವಂಶವಾಹಿ ಕೆಟ್ಟಿದೆ. ಹೀಗಾಗಿ ಹಸಿರು ಉಳಿದುಕೊಳ್ಳುತ್ತದೆ, ಅದರ ಮೇಲೆ ಕೆಂಪು ಏರುತ್ತದೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಮಸುಕು ನೇರಳೆಯಾಗಿ ಕಾಣುತ್ತದೆ. 1995ರಲ್ಲಿ ಲೆಹೂಲಿಯರ್ ಅವರ ತೋಟದಲ್ಲಿ ಇದೇ ತಳಿಯ ಒಂದು ಗಿಡ ಕಂದು ಹಣ್ಣು ಬಿಟ್ಟಿತು. ತಿರುಳಿನ ಬಣ್ಣ ಅದೇ ಇತ್ತು. ಬಣ್ಣವಿಲ್ಲದ ಸಿಪ್ಪೆಯ ಬದಲು ಹಳದಿ ಸಿಪ್ಪೆ ಬಂದಿದ್ದರಿಂದ ಇಡೀ ಹಣ್ಣು ಕಂದಾಗಿತ್ತು. ಅದು ‘ಚೆರೋಕಿ ಚಾಕೊಲೇಟ್’ ಎಂಬ ಇನ್ನೊಂದು ತಳಿಯಾಯಿತು.

ಇಂಥ ಹಳೆಯ ತಳಿಗಳಲ್ಲಿ ತೊಟ್ಟಿನ ಸುತ್ತ ಕಡುಹಸಿರು ಹೆಗಲು ಇರುತ್ತದೆ. ಹಣ್ಣಾದರೂ ಅಲ್ಲಿ ಸ್ವಲ್ಪ ಹಸಿರು ಉಳಿಯುವುದುಂಟು. ಮಾರುಕಟ್ಟೆಗೆ ಇದು ಹಿಡಿಸಲಿಲ್ಲ. ಕಾಯಿ ಒಂದೇ ಸಮನಾದ ತಿಳಿಹಸಿರಾಗಿದ್ದರೆ ಕೊಯ್ಲಿಗೆ ಬಂದದ್ದು ಯಾವುದು ಎಂದು ಗುರುತಿಸುವುದು ಸುಲಭ, ಮಾಗಿದ ಮೇಲೆ ಕೆಂಪೂ ಒಂದೇ ಸಮ. ಆದ್ದರಿಂದ ಕಳೆದ ಶತಮಾನದಲ್ಲಿ ತಳಿ ಅಭಿವೃದ್ಧಿ ಮಾಡಿದವರು ಹೆಗಲಿಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. ಹೀಗೆ ಆರಿಸಿ ಕಳೆದುಕೊಂಡದ್ದು ಏನೆಂಬುದನ್ನು 2012ರಲ್ಲಿ ‘ಸೈನ್ಸ್’ ಪತ್ರಿಕೆಯ ಒಂದು ಸಂಶೋಧನೆ ತೋರಿಸಿತು. ಹೆಗಲಿನ ಹಸಿರಿಗೆ ಕಾರಣವಾದ ವಂಶವಾಹಿ ಕಾಯಿಯೊಳಗೆ ಪತ್ರಹರಿತ್ತಿನ ಕಣಗಳನ್ನು ಹೆಚ್ಚಿಸುತ್ತದೆ. ಆ ಕಣಗಳು ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತವೆ. ವಂಶವಾಹಿ ಕೆಟ್ಟರೆ ಹಣ್ಣು ನುಣುಪಾಗಿ ಕೆಂಪಾಗುತ್ತದೆ, ಸಿಹಿ ಇಳಿಯುತ್ತದೆ.

ಸಿಹಿ ಹುಳಿಗಳನ್ನು ಅರಿಯುವುದು ನಾಲಿಗೆ. ಇದು ಟೊಮೇಟೊ ಎಂದು ಗುರುತು ಹಿಡಿಯುವುದು ಮೂಗು. ಜಗಿಯುವಾಗ ಆವಿಯಾಗುವ ಹತ್ತಾರು ಪರಿಮಳದ ಅಣುಗಳು ಗಂಟಲ ಹಿಂದಿನಿಂದ ಮೂಗಿಗೇರುತ್ತವೆ. 2017ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಮತ್ತು ಸಂಗಡಿಗರು 398 ಟೊಮೇಟೊ ತಳಿಗಳ ವಂಶವಾಹಿಗಳನ್ನು ಓದಿದರು. ರುಚಿಗೆ ಬೇಕಾದ ಪರಿಮಳದ ಹಲವು ಅಣುಗಳು ಇಂದಿನ ವಾಣಿಜ್ಯ ತಳಿಗಳಲ್ಲಿ ಹಳೆಯವಕ್ಕಿಂತ ಕಡಿಮೆ ಎಂದು ಸ್ಪಷ್ಟವಾಯಿತು. ಇಳುವರಿ, ಗಾತ್ರ, ಲಾರಿಯಲ್ಲಿ ಒಡೆಯದ ಗಟ್ಟಿತನ ನೋಡಿ ಆರಿಸುತ್ತ ಹೋದಾಗ ತಿಂದು ನೋಡುವ ಪರೀಕ್ಷೆಯೇ ಕೈಬಿಟ್ಟಿತ್ತು. ಯಾರೂ ಪರೀಕ್ಷಿಸದ ಗುಣ ತಲೆಮಾರುಗಳಲ್ಲಿ ತಾನಾಗಿ ಸೋರಿಹೋಗುತ್ತದೆ.

ಹಾಗೆಂದು ಹೈಬ್ರಿಡ್ ತಳಿಗಳನ್ನು ಹಳಿಯುವುದು ಸರಿಯಲ್ಲ. ಬೆಂಗಳೂರು ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಎಲೆ ಮುಟುರು ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ ಈ ಮೂರಕ್ಕೂ ನಿರೋಧಕ. ಕೋಲಾರದ ರೈತನಿಗೆ ಅಂಥ ರಕ್ಷಣೆ ಬೇಕೇ ಬೇಕು. ಆದರೆ ಹೈಬ್ರಿಡ್ ಹಣ್ಣಿನ ಬೀಜ ಬಿತ್ತಿದರೆ ಮಕ್ಕಳು ತಾಯಂತಿರುವುದಿಲ್ಲ, ಒಂದೊಂದು ಗಿಡ ಒಂದೊಂದು ಥರ. ಪಾರಂಪರಿಕ ತಳಿಯ ಬೀಜ ಹಾಗಲ್ಲ. ಅದಕ್ಕೆ ಕಾರಣ ಟೊಮೇಟೊ ಹೂವಿನ ರಚನೆ. ಐದಾರು ಪರಾಗಕೋಶಗಳು ಅಂಚಿಗೆ ಅಂಚು ಕೂಡಿ ಹಳದಿ ಕೊಳವೆಯಾಗಿವೆ, ಹೆಣ್ಣು ಭಾಗವಾದ ಶಲಾಕೆ ಅದರೊಳಗೆ ಅಡಗಿದೆ. ಗಾಳಿಗೆ ಹೂ ಅಲುಗಿದರೆ ಸಾಕು, ಉಪ್ಪಿನ ಡಬ್ಬಿ ಕೊಡವಿದಂತೆ ಪರಾಗ ಒಳಗೇ ಉದುರುತ್ತದೆ. ಕಪ್ಪು ದುಂಬಿ, ನೀಲಿಪಟ್ಟೆಯ ಒಂಟಿ ಜೇನುಗಳು ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತವೆ. ತುಡುವೆ ಜೇನಿಗೆ ಈ ವಿದ್ಯೆ ಇಲ್ಲ. ದುಂಬಿ ಬಾರದ ಮಹಡಿಯ ಮೇಲೆ ಬೆಳೆಯುವವರು ಬೆಳಗಿನ ಹೊತ್ತು ಹೂಗೊಂಚಲನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಕಾಯಿ ಕಚ್ಚುತ್ತದೆ.

ಚೆರೋಕಿ ಪರ್ಪಲ್ ಬಳ್ಳಿಯಂತೆ ಬೆಳೆಯುತ್ತಲೇ ಹೋಗುವ ಗಿಡ. ಆಳೆತ್ತರದ ಗಟ್ಟಿ ಕೋಲು, ದೊಡ್ಡ ಕುಂಡ, ದಿನಕ್ಕೆ ಕನಿಷ್ಠ ಆರು ತಾಸು ಬಿಸಿಲು ಬೇಕು. ಸಸಿ ನೆಟ್ಟ ಮೇಲೆ ಹಣ್ಣಿಗೆ ಸುಮಾರು 80 ದಿನ. ರಾತ್ರಿಯ ಸೆಕೆ ಇದಕ್ಕೆ ಆಗದು. ಉಷ್ಣತೆ 21–24 ಡಿಗ್ರಿಗಿಂತ ಕೆಳಗಿಳಿಯದ ರಾತ್ರಿಗಳಲ್ಲಿ ಪರಾಗ ಸತ್ವಗುಂದಿ ಹೂ ಉದುರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಮಳೆಗಾಲದ ಕೊನೆಗೆ ಸಸಿ ಮಾಡಿಕೊಂಡು ಚಳಿಗಾಲದಲ್ಲಿ ಹೂ ಬಿಡುವಂತೆ ನೋಡಿಕೊಂಡರೆ ಅನುಕೂಲ, ಕರಾವಳಿಯಲ್ಲಿ ಕಷ್ಟ. ನೀರನ್ನು ಹದವಾಗಿ ಒಂದೇ ಅಳತೆಯಲ್ಲಿ ಕೊಡಬೇಕು. ಒಣಗಿಸಿ ಒಮ್ಮೆಲೇ ಸುರಿದರೆ ತೆಳು ಸಿಪ್ಪೆಯ ಹಣ್ಣು ಬಿರಿಯುತ್ತದೆ. ನೀರಿನ ಏರುಪೇರಿನಿಂದ ಕಾಯಿಗೆ ಕ್ಯಾಲ್ಸಿಯಂ ತಲುಪದೆ ತಳಭಾಗ ಕಪ್ಪಾಗುವುದೂ ಉಂಟು. ಬಿಳಿನೊಣ ಕಂಡರೆ ತಡ ಮಾಡಬಾರದು, ಎಲೆ ಮುಟುರಿನ ನಂಜನ್ನು ಹೊತ್ತು ತರುವುದು ಅದೇ.

ಕಿತ್ತ ಹಣ್ಣನ್ನು ಫ್ರಿಜ್‌ನಲ್ಲಿಡಬೇಡಿ. ಸುಮಾರು 12 ಡಿಗ್ರಿಗಿಂತ ತಣ್ಣಗಿಟ್ಟ ಟೊಮೇಟೊದಲ್ಲಿ ಪರಿಮಳ ತಯಾರಿಸುವ ವಂಶವಾಹಿಗಳು ಮಂಕಾಗುತ್ತವೆ, ಒಂದು ವಾರ ಹಾಗೆ ಇಟ್ಟರೆ ಹೊರಗೆ ತೆಗೆದ ಮೇಲೂ ಪೂರ್ತಿ ಚೇತರಿಸುವುದಿಲ್ಲ ಎಂದು 2016ರ ಸಂಶೋಧನೆಯೊಂದು ತೋರಿಸಿದೆ. ದಪ್ಪ ಬಿಲ್ಲೆ ಮಾಡಿ ಉಪ್ಪು ಉದುರಿಸಿ ತಿನ್ನುವುದು ಇದರ ಉತ್ತಮ ಬಳಕೆ. ಬೀಜದ ಸುತ್ತಲಿನ ಲೋಳೆಯನ್ನು ಚೆಲ್ಲಬೇಡಿ. ಬಾಯಿ ತುಂಬುವ ರುಚಿ ಕೊಡುವ ಗ್ಲುಟಮೇಟ್ ತಿರುಳಿಗಿಂತ ಅದರಲ್ಲೇ ಹೆಚ್ಚು. ಸಾರಿಗೆ ಹಾಕಿದರೆ ಬಣ್ಣ ಕೆಂಪಾಗದೆ ಕಂದಿದಂತಾಗುತ್ತದೆ, ಗಾಬರಿ ಬೇಡ. ಗಿಡದ ಮೇಲೆ ಪ್ರೋಟೀನು ಮಾಡದೆ ಬಿಟ್ಟ ಕೆಲಸವನ್ನು ಪಾತ್ರೆಯಲ್ಲಿ ಬಿಸಿ ಮತ್ತು ಹುಳಿ ಸೇರಿ ಮಾಡುತ್ತವೆ: ಪತ್ರಹರಿತ್ತು ಮೆಗ್ನೀಸಿಯಂ ಕಳೆದುಕೊಂಡು ಕಂದಾಗುತ್ತದೆ.

ಬೀಜ ತೆಗೆಯುವುದು ಕಷ್ಟವಲ್ಲ. ದೊಡ್ಡ ಹಣ್ಣಿನ ತಳಿಗಳಲ್ಲಿ ಮೊದಲ ಹೂಗಳು ಒಂದಕ್ಕೊಂದು ಅಂಟಿ, ಶಲಾಕೆ ಹೊರಚಾಚಿ, ಪಕ್ಕದ ತಳಿಯ ಪರಾಗ ಸೇರುವ ಸಾಧ್ಯತೆ ಇದೆ. ಅವನ್ನು ಬಿಟ್ಟು, ಅರಳುವ ಮುಂಚೆಯೇ ಬೇರೆ ಹೂವಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ ಗುರುತಿಗೆ ದಾರ ಸುತ್ತಿ. ಹಣ್ಣು ಚೆನ್ನಾಗಿ ಮಾಗಿದ ಮೇಲೆ ಬೀಜ ಲೋಳೆಗಳನ್ನು ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಡಿ. ಮೊಳಕೆಯನ್ನು ತಡೆಯುವ ಲೋಳೆ ಕರಗುತ್ತದೆ, ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ತೊಳೆದು ನೆರಳಿನಲ್ಲಿ ತಟ್ಟೆಯ ಮೇಲೆ ಒಣಗಿಸಿ ಬಿಗಿ ಡಬ್ಬಿಯಲ್ಲಿಟ್ಟರೆ ನಾಲ್ಕೈದು ವರ್ಷ ಬಾಳುತ್ತದೆ.

ಯಾವ ಹಣ್ಣಿನ ಬೀಜ ಇಡಬೇಕು ಎಂಬ ತೀರ್ಮಾನ ಇಲ್ಲಿ ಎಲ್ಲಕ್ಕಿಂತ ಮುಖ್ಯ. ರೋಗವಿಲ್ಲದ ಗಿಡಗಳನ್ನು ಮೊದಲು ಬೇರೆ ಮಾಡಿ, ಅವುಗಳ ಹಣ್ಣನ್ನು ಒಂದೊಂದಾಗಿ ತಿಂದು ನೋಡಿ, ರುಚಿಯಲ್ಲಿ ಗೆದ್ದ ಗಿಡದ ಬೀಜವನ್ನೇ ಎತ್ತಿಡಿ. ವಾಣಿಜ್ಯ ತಳಿಯ ಹಾದಿಯಲ್ಲಿ ಕೈಬಿಟ್ಟುಹೋದ ಪರೀಕ್ಷೆ ಇದೇ. ಒಂದು ಚಾಕು, ಒಂದು ಚಿಟಿಕೆ ಉಪ್ಪು ಇರುವ ಪ್ರತಿ ಮನೆಯೂ ಅದನ್ನು ಮಾಡಬಲ್ಲದು.