ಮಾಮೀ ನದಿಯ ಏರಿಳಿತವೂ ವಾಲೈ ಮೀನೂ

ಅಮೆರಿಕದ ಇಂಡಿಯಾನಾ ಪ್ರಾಂತದ ಫೋರ್ಟ್ ವೇಯ್ನ್ ನಗರದಲ್ಲಿ ಎರಡು ಹೊಳೆಗಳ ಸಂಗಮದಿಂದ ಜನಿಸಿ, ಒಹಾಯೊ ಪ್ರಾಂತದ ಸಮತಟ್ಟಾದ ಹೊಲಗಳ ನಡುವೆ ಒಟ್ಟು 220 ಕಿಲೋಮೀಟರಿನಷ್ಟು ಹರಿದು, ಟೊಲೀಡೊ ಪಟ್ಟಣದ ಬಳಿ ಈರಿ ಸರೋವರವನ್ನು ಸೇರುವ ಮಾಮೀ ನದಿಯು ವರ್ಷದ ಬಹುಕಾಲ ಪರಸ್ಥಳದವರ ಗಮನವನ್ನು ಸೆಳೆಯದ ಮಂದಗಾಮಿನಿ. ಆದರೆ ಹಿಮ ಕರಗಿದ ಬಳಿಕ, ಮಾರ್ಚ್ ಏಪ್ರಿಲ್ ಮಾಸಗಳಲ್ಲಿ, ನೀರಿನ ಉಷ್ಣತೆ 5ರಿಂದ 10 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಬರುತ್ತಲೇ, ಮೊಟ್ಟೆಯಿಡಲೆಂದು ಅಸಂಖ್ಯ ವಾಲೈ ಮೀನುಗಳು ಸರೋವರವನ್ನು ತೊರೆದು ಪ್ರವಾಹಕ್ಕೆದುರಾಗಿ ಏರಿ ಬರುತ್ತವೆ. ಪೆರಿಸ್‌ಬರ್ಗ್, ಮಾಮೀ ಊರುಗಳ ದಡಗಳಲ್ಲಿ ಜಾತ್ರೆಯೇ ನೆರೆಯುತ್ತದೆ.

ಗಾಳ ಹಾಕುವವರು ಮನೆಯಿಂದ ಹೊರಡುವ ಮುನ್ನ ವಾಟರ್‌ವಿಲ್ ಊರಿನ ಜಲಮಾಪಕ ತೋರುವ ಅಂಕಿಯನ್ನು ನೋಡುತ್ತಾರೆ. ಮಳೆಯಿಂದ ಉಬ್ಬಿದ ನದಿಯ ಸೆಳೆವೇ ಮೀನಿಗೆ ಆಹ್ವಾನ. ಆ ಸೆಳೆವೇ ಸೊಂಟಮಟ್ಟದ ನೀರಿನಲ್ಲಿ ನಿಂತವನ ಕಾಲ್ಕೆಳಗಿನ ನೆಲೆಯನ್ನು ಕಸಿಯುವುದೂ ಹೌದು. ಈ ಸೀಮೆಯ ಬಹುಭಾಗ ಹಿಂದೆ ‘ಗ್ರೇಟ್ ಬ್ಲ್ಯಾಕ್ ಸ್ವಾಂಪ್’ ಎಂಬ ಮಹಾ ಜೌಗು. 19ನೆಯ ಶತಮಾನದಲ್ಲಿ ಕಾಲುವೆ ತೋಡಿ, ನೆಲದಡಿ ಮಣ್ಣಿನ ಕೊಳವೆ ಹೂಳಿ ಅದನ್ನು ಒಣಗಿಸಿದುದರಿಂದ, ಹೊಲದ ಮೇಲೆ ಬಿದ್ದ ಮಳೆನೀರು ಇಂಗಲು ಅವಕಾಶವಿಲ್ಲದೆ ಶೀಘ್ರವಾಗಿ ನದಿಗಿಳಿದು, ಅದನ್ನು ಎತ್ತರಿಸುವುದರೊಂದಿಗೆ ಜೇಡಿಯಿಂದ ಕದಡಿಬಿಡುತ್ತದೆ. ಮಳೆಯೇ ಇಲ್ಲದ ದಿನವೂ ಈಶಾನ್ಯದ ಬಿರುಗಾಳಿ ಸರೋವರದ ನೀರನ್ನು ಪಶ್ಚಿಮಕ್ಕೆ ತಳ್ಳಿ ನದೀಮುಖವನ್ನು ಏರಿಸುವುದುಂಟು. ನೈಋತ್ಯದ ಗಾಳಿ ಅದನ್ನೇ ಬರಿದುಮಾಡುತ್ತದೆ.

ವಾಲೈನ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವಿರುವುದರಿಂದ ಮಬ್ಬಿನಲ್ಲಿಯೂ ಅದಕ್ಕೆ ದೃಷ್ಟಿಯುಂಟು. ಆದರೆ ನೆರೆಯ ರಾಡಿಯಲ್ಲಿ ಆ ಕಣ್ಣೂ ಸೋಲುತ್ತದೆ. ಆಗ ಮೀನು ನಡುಹೊಳೆಯ ರಭಸವನ್ನು ತಪ್ಪಿಸಿ ದಡದಂಚಿಗೆ ಸರಿಯುವುದರಿಂದ, ಬಲ್ಲವನು ಗಾಳವನ್ನು ದೂರಕ್ಕೆಸೆಯದೆ ತನ್ನ ಸಮೀಪದಲ್ಲೇ ಇಳಿಸುತ್ತಾನೆ. ನೀರು ಮೆಲ್ಲನೆ ಇಳಿದು ತಿಳಿಯಾಗತೊಡಗಿದ ದಿನಗಳೇ ನನ್ನ ದೃಷ್ಟಿಯಲ್ಲಿ ಈ ಋತುವಿನ ಸಾರಸರ್ವಸ್ವ: ಬಂದ ಮೀನು ಜಲ್ಲಿಯ ಹಾಸಿನ ಮೇಲೆ ಹರಡಿಕೊಳ್ಳುತ್ತದೆ, ಮನುಷ್ಯನಿಗೂ ಕಾಲೂರಲು ಎಡೆ ದೊರೆಯುತ್ತದೆ. ಗಾಳದ ದಾರಕ್ಕೆ ಕಟ್ಟಿದ ಸೀಸದ ಗುಂಡು ನದಿಯ ತಳವನ್ನು ತಡವುತ್ತ ಸಾಗಬೇಕು, ಅದರ ಹಿಂದೆ ತೇಲುವ ಗಾಳ ಕೊಂಚ ಮೇಲೆದ್ದಿರಬೇಕು. ಆದಕಾರಣ ಸೆಳೆವು ಹೆಚ್ಚಿದಂತೆ ಭಾರವಾದ ಗುಂಡನ್ನೂ, ತಗ್ಗಿದಂತೆ ಹಗುರವಾದುದನ್ನೂ ಕಟ್ಟುವುದು ಇಲ್ಲಿಯ ಮುಖ್ಯ ಕೌಶಲ. ನೀರು ಅತಿಯಾಗಿ ಬತ್ತಿದರೆ ಮೀನು ಹಗಲೆಲ್ಲ ಮಡುಗಳಲ್ಲಿ ಅಡಗಿರುತ್ತದೆ.

ಮೊಟ್ಟೆಯಿಡಲು ಬಂದ ಜೀವಿಯ ಬೇಟೆಯಾದ್ದರಿಂದ ಸರ್ಕಾರವು ಕಟ್ಟಳೆಗಳನ್ನು ವಿಧಿಸಿದೆ: ಮಾರ್ಚ್ ಏಪ್ರಿಲ್ ಮಾಸಗಳಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಗಾಳ ಹಾಕಬಹುದು, ಬಾಯಿಗಲ್ಲದೆ ಮೈಗೆ ಗಾಳ ಸಿಕ್ಕಿದ ಮೀನನ್ನು ಮರಳಿ ಬಿಡಬೇಕು. ಇವು ನ್ಯಾಯವಾದ ಕಟ್ಟಳೆಗಳೆಂದೇ ನಾನು ನಂಬುತ್ತೇನೆ. ವಾಲೈ ಗೂಡು ಕಟ್ಟುವುದಿಲ್ಲ, ಕಾವಲಿರುವುದಿಲ್ಲ; ಜಲ್ಲಿಯ ಸಂದಿಗಳಿಗೆ ಅಂಟಿದ ಮೊಟ್ಟೆಗಳು, ನೀರು ಹಠಾತ್ತನೆ ತಗ್ಗಿದರೆ ಅಂಚಿನಲ್ಲಿ ಒಣಗುತ್ತವೆ, ಹೂಳು ಕವಿದರೆ ಉಸಿರುಗಟ್ಟುತ್ತವೆ. ಒಡೆದು ಬಂದ ಕೂದಲೆಳೆಯಂಥ ಮರಿಗಳಿಗೆ ಈಜುವ ಶಕ್ತಿ ಅತ್ಯಲ್ಪ. ಒಡಲಿನ ಪುಟ್ಟ ಭಂಡಾರದ ಆಹಾರ ತೀರುವುದರೊಳಗಾಗಿ ಸರೋವರದ ಸೂಕ್ಷ್ಮಜೀವಿಗಳ ಬಳಿಗೆ ಅವುಗಳನ್ನು ಒಯ್ಯಲು ನದಿಯಲ್ಲಿ ತಕ್ಕಷ್ಟು ಹರಿವಿರಬೇಕು.