ಸೈನ್ಯ ಯಾರ ಕೈಯಲ್ಲಿ?

1918ರ ಸೆಪ್ಟೆಂಬರ್ 23ರಂದು, ಮೊದಲ ಮಹಾಯುದ್ಧದ ಕೊನೆಗಾಲದಲ್ಲಿ, ಪ್ಯಾಲೆಸ್ಟೀನಿನ ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಅದು ಮೈಸೂರು ಸಂಸ್ಥಾನದ ಸ್ವಂತ ಪಡೆ. ಇಂದು ಕರ್ನಾಟಕ ಸರ್ಕಾರ ಅಂಥ ಒಂದು ಪಡೆಯನ್ನು ಕಟ್ಟುವಂತಿಲ್ಲ. ವಿಧಾನಮಂಡಲ ಒಮ್ಮತದಿಂದ ಕಾಯ್ದೆ ಮಾಡಿದರೂ ಅದು ಊರ್ಜಿತವಾಗದು.

ಕಾರಣ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಅಧಿಕಾರಗಳನ್ನು ಪಾಲು ಮಾಡಿಕೊಟ್ಟಿರುವ ಈ ಅನುಸೂಚಿಯಲ್ಲಿ ಕೇಂದ್ರಪಟ್ಟಿಯ ಮೊದಲ ಬಾಬು ದೇಶದ ರಕ್ಷಣೆ. ಎರಡನೆಯದು ಭೂಸೇನೆ, ನೌಕಾಪಡೆ, ವಾಯುಪಡೆ ಮತ್ತು ಒಕ್ಕೂಟದ ಇತರ ಸಶಸ್ತ್ರ ಪಡೆಗಳು. ರಾಜ್ಯದ ಪಾಲಿಗೆ ಬಂದದ್ದು ಪೊಲೀಸ್. ಕೆಎಸ್‌ಆರ್‌ಪಿ ತುಕಡಿಯವರ ಕೈಯಲ್ಲಿ ಬಂದೂಕಿದ್ದರೂ ಅವರು ಪೊಲೀಸರೇ. ಸಿಆರ್‌ಪಿಎಫ್, ಬಿಎಸ್‌ಎಫ್ ಕೇಂದ್ರದವು. ಆದರೆ ರಕ್ಷಣಾ ಸಚಿವಾಲಯದ ಬದಲು ಗೃಹ ಸಚಿವಾಲಯಕ್ಕೆ ಸೇರಿದವು.

ಹಾಗಾದರೆ ಸಂಸ್ಥಾನಗಳ ಪಡೆಗಳು ಏನಾದವು? 1950ರಲ್ಲಿ ಮೈಸೂರು, ಸಂವಿಧಾನ ಹಲವು ಹಳೆಯ ಸಂಸ್ಥಾನಗಳನ್ನು ಸೇರಿಸಿದ್ದ ‘ಬಿ’ ಭಾಗದ ರಾಜ್ಯವಾಗಿತ್ತು. ಅಂಥ ರಾಜ್ಯಗಳು ಸಂಸತ್ತು ಬೇರೆ ಕಾನೂನು ಮಾಡುವವರೆಗೆ ತಮ್ಮ ಪಡೆಗಳನ್ನು ಇಟ್ಟುಕೊಳ್ಳಲು 259ನೇ ವಿಧಿ ಒಪ್ಪಿತ್ತು. ಜೊತೆಗೇ ಒಂದು ಕಟ್ಟು: ಆ ಪಡೆಗಳು ಒಕ್ಕೂಟದ ಸಶಸ್ತ್ರ ಪಡೆಗಳ ಭಾಗ. ಮುಂದೆ ಮೈಸೂರಿನ ಕುದುರೆ ಸವಾರರು 61ನೇ ಕ್ಯಾವಲ್ರಿಯಲ್ಲಿ ಬೆರೆತರು. 1956ರ ಏಳನೇ ತಿದ್ದುಪಡಿ ಆ ವಿಧಿಯನ್ನೇ ತೆಗೆದುಹಾಕಿತು.

ಒಂದು ಪೆಟ್ಟಿಗೆ, ಮೂರು ಬೀಗ

ಸೈನ್ಯ ಕೇಂದ್ರದ್ದು ಎಂದಷ್ಟೇ ಹೇಳಿದರೆ ಅರ್ಧ ಮಾತು. ಕೇಂದ್ರದೊಳಗೂ ಈ ಅಧಿಕಾರ ಹಂಚಿಹೋಗಿದೆ.

ಮೊದಲ ಬೀಗ ಕಾನೂನು. ಭೂಸೇನೆ ಮತ್ತು ವಾಯುಪಡೆಗಳು 1950ರ ಕಾಯ್ದೆಗಳಡಿ, ನೌಕಾಪಡೆ 1957ರ ಕಾಯ್ದೆಯಡಿ ನಡೆಯುತ್ತವೆ. ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕುವ ಅಧಿಕಾರವನ್ನು 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಕಾರ್ಖಾನೆಯ ಕೆಲಸಗಾರ ಯೂನಿಯನ್ ಕಟ್ಟಿದಂತೆ ಯೋಧ ಕಟ್ಟಲಾಗದು ಎಂಬುದರ ಬೇರು ಅಲ್ಲಿದೆ.

ಎರಡನೆಯದು ಹಣ. ಸೈನ್ಯದ ಸಂಬಳ, ಮದ್ದುಗುಂಡು, ಹಡಗು, ವಿಮಾನಗಳಿಗೆ ಬೇಕಾದ ಅನುದಾನಕ್ಕೆ ಪ್ರತಿ ವರ್ಷ ಲೋಕಸಭೆ ಮತ ಹಾಕಬೇಕು. ಆಮೇಲೆ ಧನವಿನಿಯೋಗ ಕಾಯ್ದೆಯಾದರೆ ಮಾತ್ರ ಸಂಚಿತ ನಿಧಿಯಿಂದ ದುಡ್ಡು ಹೊರಬೀಳುತ್ತದೆ. 2025-26ರ ಬಜೆಟ್‌ನಲ್ಲಿ ರಕ್ಷಣಾ ಸಚಿವಾಲಯಕ್ಕೆ ಮೀಸಲಿಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ನಿವೃತ್ತರ ಪಿಂಚಣಿಯೂ ಅದರಲ್ಲೇ ಸೇರಿದೆ.

ಮೂರನೆಯದು ಆಜ್ಞೆ. 53ನೇ ವಿಧಿಯ ಪ್ರಕಾರ ರಕ್ಷಣಾ ಪಡೆಗಳ ಪರಮೋಚ್ಚ ದಂಡನಾಯಕತ್ವ ರಾಷ್ಟ್ರಪತಿಯವರದು. ಆದರೆ ಅದನ್ನು ಕಾನೂನಿಗೆ ಒಳಪಟ್ಟು ಚಲಾಯಿಸಬೇಕೆಂದು ಅದೇ ವಿಧಿ ಹೇಳುತ್ತದೆ. 74ನೇ ವಿಧಿಯಂತೆ ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯ ಮೇರೆಗೆ. ಹೀಗಾಗಿ ನಿಜವಾದ ಹೊಣೆ ಲೋಕಸಭೆಗೆ ಉತ್ತರ ಕೊಡಬೇಕಾದ ಸರ್ಕಾರದ್ದು. 2020ರ ಜನವರಿಯಲ್ಲಿ ಜಾರಿಗೆ ಬಂದ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆಗೂ ಮೂರೂ ಪಡೆಗಳ ಮುಖ್ಯಸ್ಥರ ಮೇಲೆ ಸೇನಾ ಆಜ್ಞೆ ಹೊರಡಿಸುವ ಅಧಿಕಾರ ಕೊಟ್ಟಿಲ್ಲ.

ರಾಜ್ಯಕ್ಕೆ ಸೈನ್ಯ ಬೇಕಾದರೆ?

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆಗಳು ಉಕ್ಕಿದಾಗ ಉತ್ತರ ಕರ್ನಾಟಕದಲ್ಲಿ ಸೈನಿಕರು ದೋಣಿ ಇಳಿಸಿದ್ದನ್ನು ನೋಡಿದ್ದೇವೆ. ಅದು ನಾಗರಿಕ ಆಡಳಿತಕ್ಕೆ ಕೊಟ್ಟ ನೆರವು. ರಾಜ್ಯ ಕೋರಿಕೆ ಸಲ್ಲಿಸಬಹುದು, ಸೈನ್ಯದ ಮೇಲೆ ಅಧಿಕಾರ ಚಲಾಯಿಸುವಂತಿಲ್ಲ.

ಗಲಭೆಯ ಸಂದರ್ಭಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಕಲಮಿದೆ. ಅಕ್ರಮ ಕೂಟವನ್ನು ಬೇರಾವ ರೀತಿಯಲ್ಲೂ ಚದುರಿಸಲಾಗದಿದ್ದರೆ, ಸ್ಥಳದಲ್ಲಿರುವ ಜಿಲ್ಲಾ ದಂಡಾಧಿಕಾರಿ, ಎಂದರೆ ಸಾಮಾನ್ಯವಾಗಿ ನಮ್ಮ ಡಿ.ಸಿ., ಇಲ್ಲವೇ ಅವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿ ಸೇನೆಯ ನೆರವು ಪಡೆಯಬಹುದು. ಚದುರಿಸಬೇಕೇ ಎಂಬ ತೀರ್ಮಾನ ದಂಡಾಧಿಕಾರಿಯದು, ಹೇಗೆ ಎಂಬುದು ಸೇನಾಧಿಕಾರಿಯದು. ಬಲಪ್ರಯೋಗ ಮಾತ್ರ ಕನಿಷ್ಠವಾಗಿರಬೇಕು, ಜನರಿಗೆ, ಆಸ್ತಿಗೆ ಹಾನಿಯೂ ಆದಷ್ಟು ಕಡಿಮೆಯಿರಬೇಕು.

ರಾಜ್ಯಗಳಲ್ಲಿ ಪಡೆ ನಿಯೋಜಿಸುವ ಅಧಿಕಾರವನ್ನು 1976ರ 42ನೇ ತಿದ್ದುಪಡಿ ‘2ಎ’ ಎಂಬ ಬಾಬಾಗಿ ಕೇಂದ್ರಪಟ್ಟಿಗೆ ಸೇರಿಸಿತು. ಅದರ ಎಲ್ಲೆಯನ್ನು ಸುಪ್ರೀಂ ಕೋರ್ಟ್ 1997ರಲ್ಲಿ ಗುರುತಿಸಿತು: ಸೈನ್ಯ ಬಂದ ಮೇಲೂ ನಾಗರಿಕ ಆಡಳಿತ ಕೆಲಸ ಮಾಡುತ್ತಲೇ ಇರಬೇಕು. ನೆರವಿಗೆ ಬಂದವರು ಅದರ ಜಾಗದಲ್ಲಿ ಕೂರುವಂತಿಲ್ಲ.