ಟ್ರ್ಯಾಕ್ಟರಿನ ವಿದ್ಯುತ್ ನಿಯಂತ್ರಿತ ಹೈಡ್ರಾಲಿಕ್ ವಾಲ್ವ್: ‘ಹಿಂದುಳಿಕೆ’ ತಗ್ಗಿಸುವ ಬಗೆ

ಕುಮಟಾ ತಾಲೂಕಿನ ಸಂತೆಗುಳಿಯಂತಹ ಊರುಗಳಲ್ಲಿ ಗದ್ದೆಗಳು ಗುಡ್ಡಗಳ ನಡುವೆ ಸಣ್ಣ ಸಣ್ಣ ತುಂಡುಗಳಾಗಿರುತ್ತವೆ. ಸ್ವಲ್ಪ ದೂರ ಹೋಗುವಷ್ಟರಲ್ಲಿಯೇ ಬದು ಬರುವುದರಿಂದ ರೋಟವೇಟರನ್ನು ಪದೇ ಪದೇ ಎತ್ತಿ ಇಳಿಸಬೇಕಾಗುತ್ತದೆ. ಪ್ರತಿ ಸಲವೂ ಅದು ಅದೇ ಆಳಕ್ಕೆ ಬರುವುದು ಅವಶ್ಯ. ಆಳ ಹೆಚ್ಚಾದರೆ ಕೆಸರುಗದ್ದೆಯ ಅಡಿಯ ಗಟ್ಟಿ ಪದರು ಒಡೆದು ನೀರು ಇಂಗಿಹೋಗುತ್ತದೆ. ಡೀಸೆಲ್ ಕೂಡ ವ್ಯರ್ಥ. ಕಡಿಮೆಯಾದರೆ ಕಳೆ ಸರಿಯಾಗಿ ಮುಚ್ಚುವುದಿಲ್ಲ.

ಹಳೆಯ ಟ್ರ್ಯಾಕ್ಟರುಗಳಲ್ಲಿ ಹಿಡಿಕೆಯೇ ವಾಲ್ವನ್ನು ಎಳೆಯುತ್ತದೆ. ಈಗಿನ ಕೆಲವು ಮಾದರಿಗಳಲ್ಲಿ ಗುಂಡಿ ತಿರುಗಿಸಿದರೆ ವಿದ್ಯುತ್ ಸುರುಳಿಯು (ಸೊಲೆನಾಯ್ಡ್) ವಾಲ್ವಿನೊಳಗಿನ ‘ಸ್ಪೂಲ್’ ಎಂಬ ಉಕ್ಕಿನ ಕಡ್ಡಿಯನ್ನು ಸರಿಸಿ ಎಣ್ಣೆಗೆ ದಾರಿ ಬಿಡುತ್ತದೆ. ಇಂತಹ ಟ್ರ್ಯಾಕ್ಟರಿನಲ್ಲಿ ಗುಂಡಿಯನ್ನು ಕೆಳಗಿನಿಂದ 5ಕ್ಕೆ ತಂದರೆ ಉಪಕರಣ ಒಂದು ಎತ್ತರದಲ್ಲಿಯೂ, ಮೇಲಿನಿಂದ 5ಕ್ಕೆ ತಂದರೆ ಇನ್ನೊಂದು ಎತ್ತರದಲ್ಲಿಯೂ ನಿಲ್ಲುವುದುಂಟು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವೇ ಹಿಸ್ಟರಿಸಿಸ್, ಅಂದರೆ ‘ಹಿಂದುಳಿಕೆ’. ಕಾಂತಗುಣವನ್ನು ಅಭ್ಯಸಿಸುತ್ತಿದ್ದ ವಿಜ್ಞಾನಿ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ 1880ರ ದಶಕದ ಆರಂಭದಲ್ಲಿ ಈ ಹೆಸರನ್ನು ಬಳಕೆಗೆ ತಂದರು.

ಕಾರಣಗಳೇನು?

1. ಕಾಂತಗುಣ: ವಿದ್ಯುತ್ತು ಕಡಿಮೆಯಾದರೂ ಸುರುಳಿಯ ನಡುವಿನ ಕಬ್ಬಿಣದಲ್ಲಿ ಸ್ವಲ್ಪ ಕಾಂತಶಕ್ತಿ ಉಳಿದಿರುತ್ತದೆ.

2. ಘರ್ಷಣೆ: ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಮೊದಲು ಅಲುಗಾಡದೆ, ಜೋರಾಗಿ ತಳ್ಳಿದಾಗ ಒಮ್ಮೆಲೇ ತೆರೆದುಕೊಳ್ಳುವುದಷ್ಟೆ? ಸ್ಪೂಲ್ ಕೂಡ ಹಾಗೆಯೇ. ಅದರ ಸುತ್ತಲಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಧೂಳು ಸಹ ಸ್ಪೂಲನ್ನು ಹಿಡಿದು ನಿಲ್ಲಿಸಬಲ್ಲದು.

ಸಾಮಾನ್ಯ ಪ್ರಪೋರ್ಷನಲ್ ವಾಲ್ವಿನಲ್ಲಿ ಹಿಂದುಳಿಕೆ ಸುಮಾರು ಶೇ. 3ರಿಂದ 8ರಷ್ಟಿರುತ್ತದೆ. ಸ್ಪೂಲಿನ ಸ್ಥಾನವನ್ನು ಅಳೆದು ತಿದ್ದುವ ವ್ಯವಸ್ಥೆಯಿದ್ದರೆ ಶೇ. 1ಕ್ಕಿಂತಲೂ ಕಡಿಮೆ.

ನೀವೇ ಪರೀಕ್ಷಿಸಿರಿ

ಎಣ್ಣೆ ಬಿಸಿಯಾದ ಮೇಲೆ ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ವೇಗವನ್ನು ಒಂದೇ ಸಮನಾಗಿಡಿರಿ. ಉಪಕರಣವನ್ನು ಕೆಳಗಿನಿಂದ 5ಕ್ಕೆ ತಂದು ನೆಲದಿಂದ ಎತ್ತರವನ್ನು ಪಕ್ಕದಿಂದಲೇ ಅಳೆಯಿರಿ. ಅನಂತರ ಪೂರ್ತಿ ಮೇಲಕ್ಕೆತ್ತಿ 5ಕ್ಕೆ ಇಳಿಸಿ ಅಳೆಯಿರಿ. ಮೂರು ಸಲ ಹೀಗೆ ಮಾಡಿರಿ. ಉದಾಹರಣೆಗೆ, 38 ಮತ್ತು 42 ಸೆಂ.ಮೀ. ಬಂದರೆ ವ್ಯತ್ಯಾಸ 4 ಸೆಂ.ಮೀ. ಒಟ್ಟು ಎತ್ತುವಿಕೆ 60 ಸೆಂ.ಮೀ. ಆಗಿದ್ದಲ್ಲಿ ಇದು ಸುಮಾರು ಶೇ. 7 ಆಗುತ್ತದೆ.

ನಿಂತ ಉಪಕರಣ ತಾನಾಗಿ ನಿಧಾನವಾಗಿ ಇಳಿಯುತ್ತಿದ್ದರೆ ಅದು ಹಿಂದುಳಿಕೆಯಲ್ಲ, ಎಣ್ಣೆಯ ಸೋರಿಕೆ. ಎಣ್ಣೆ ತಣ್ಣಗಿದ್ದಾಗ ಮಾತ್ರ ದೋಷ ಕಂಡರೆ ಎಣ್ಣೆಯ ದಪ್ಪವೇ ಕಾರಣವಿರಬಹುದು.

ತಗ್ಗಿಸುವ ಕ್ರಮಗಳು

1. ಒಂದೇ ಕಡೆಯಿಂದ ಬನ್ನಿರಿ: ಇದಕ್ಕೆ ಖರ್ಚಿಲ್ಲ. ಬೇಕಾದ ಅಂಕೆಗೆ ಯಾವಾಗಲೂ ಮೇಲಿನಿಂದಲೇ ಇಳಿಸಿರಿ. ಆಳ ಹೆಚ್ಚಾಯಿತೆಂದು ನಡುವೆ ಗುಂಡಿಯನ್ನು ತುಸು ಹಿಂದಕ್ಕೆ ತಿರುಗಿಸುವ ಬದಲು, ಪೂರ್ತಿ ಎತ್ತಿ ಹೊಸ ಅಂಕೆಗೆ ಇಳಿಸುವುದು ಮೇಲು.

2. ಎಣ್ಣೆ: ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುವುದರಿಂದ ಎಣ್ಣೆಗೆ ನೀರು ಸೇರುವ ಸಂಭವ ಜಾಸ್ತಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸತಕ್ಕದ್ದು. ಪೈಪು ಜೋಡಿಸುವ ಮೊದಲು ಕಪ್ಲಿಂಗನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿರಿ. ಬಿಚ್ಚಿದ ಕೂಡಲೇ ಮುಚ್ಚಳ ಹಾಕಿರಿ.

3. ವಿದ್ಯುತ್ ಜೋಡಣೆ: ಉಪ್ಪುಗಾಳಿಯಿಂದ ಬ್ಯಾಟರಿಯ ಟರ್ಮಿನಲ್, ಅರ್ತ್ ತಂತಿಗಳಿಗೆ ಕಿಲುಬು ಹಿಡಿಯುತ್ತದೆ. ಆಗ ಸುರುಳಿಗೆ ಸಾಕಷ್ಟು ವಿದ್ಯುತ್ತು ಸಿಗುವುದಿಲ್ಲ. ಉಜ್ಜಿ ಬಿಗಿಗೊಳಿಸಿರಿ. ಎತ್ತುವ ತೋಳಿನ ಸ್ಥಾನ ತಿಳಿಸುವ ಸೆನ್ಸರಿನ ಜೋಡಣೆ ಸಡಿಲಾಗಿದೆಯೇ ನೋಡಿರಿ.

4. ಬೋಲ್ಟುಗಳು: ವಾಲ್ವಿನ ಬೋಲ್ಟುಗಳನ್ನು ಅತಿಯಾಗಿ ಬಿಗಿದರೆ ವಾಲ್ವಿನ ಮೈ ಸೊಟ್ಟಗಾಗಿ ಸ್ಪೂಲ್ ಹಿಡಿದುಕೊಳ್ಳುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು.

5. ಸಣ್ಣ ಕಂಪನ: ಜರಡಿಯಲ್ಲಿ ಸಿಕ್ಕಿದ ಕಾಳು ಅಲುಗಾಡಿಸಿದರೆ ಇಳಿಯುವಂತೆ, ವಿದ್ಯುತ್ತಿನಲ್ಲಿ ಸೆಕೆಂಡಿಗೆ ಸುಮಾರು 100ರಿಂದ 250 ಸಲ ಸಣ್ಣ ಏರಿಳಿತವನ್ನು ಕೊಟ್ಟು ಸ್ಪೂಲನ್ನು ಸದಾ ನಡುಗಿಸುತ್ತಿರುತ್ತಾರೆ. ಇದಕ್ಕೆ ‘ಡಿದರ್’ ಎನ್ನುವರು. ವಾಲ್ವಿನ ಸಣ್ಣ ಗುಂಯ್‌ಗುಡುವಿಕೆ ದೋಷವಲ್ಲ. ಡಿದರ್ ಕಡಿಮೆಯಾದರೆ ಸ್ಪೂಲ್ ಅಂಟಿಕೊಳ್ಳುತ್ತದೆ, ಹೆಚ್ಚಾದರೆ ಸವೆಯುತ್ತದೆ. ಇದರ ಹೊಂದಾಣಿಕೆಯನ್ನು ನುರಿತ ಮೆಕ್ಯಾನಿಕ್ಕನಿಂದಲೇ ಮಾಡಿಸತಕ್ಕದ್ದು.

ಎಚ್ಚರಿಕೆ

ಎತ್ತಿ ನಿಲ್ಲಿಸಿದ ಉಪಕರಣದ ಕೆಳಗೆ ಎಂದೂ ಹೋಗಬಾರದು. ಪೈಪು ಬಿಚ್ಚುವ ಮೊದಲು ಉಪಕರಣವನ್ನು ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಒತ್ತಡ ಬಿಡಬೇಕು. ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬಾರದು. ಒತ್ತಡದ ಎಣ್ಣೆಯು ಚರ್ಮವನ್ನು ಸೀಳಿ ಒಳಹೋಗಬಲ್ಲದು. ಹಾಗಾದಲ್ಲಿ ಗಾಯ ಸಣ್ಣದೆಂದು ಬಿಡದೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ವಾಲ್ವ್ ಬದಲಿಸುವುದು ದುಬಾರಿ ಕೆಲಸ. ಮೇಲಿನ ಕ್ರಮಗಳನ್ನು ಅನುಸರಿಸಿ ಮತ್ತೆ ಅಳೆದು ನೋಡಿದ ನಂತರವೂ ವ್ಯತ್ಯಾಸ ತಗ್ಗದಿದ್ದರೆ ಮಾತ್ರ ಆ ಯೋಚನೆ ಮಾಡಬೇಕು. ನಾಟಿ ಕಾಲದಲ್ಲಿ ಟ್ರ್ಯಾಕ್ಟರ್ ನಿಂತರೆ ಹದ ತಪ್ಪುತ್ತದೆ. ಆದುದರಿಂದ ಈ ಪರೀಕ್ಷೆಯನ್ನು ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿಯೇ ಮುಗಿಸಿ, ಅಳತೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.